ಸಿಂಧುಪಾಲ್ಚೋಕ್‌ನಲ್ಲಿ ಶೀಟು ಹೊದಿಸಿದ ನನ್ನ ಅನುಭವ

2015ರ ಏಪ್ರಿಲ್ 25, ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರವೇ, ಹಾಗಾಗಿ ಅಲ್ಲಿನ ಚರ್ಚುಗಳಲ್ಲಿ ಆರಾಧನೆಯೂ ಅಂದೇ. ಜನ ಪ್ರಾರ್ಥನೆಗೆ ಕೂತಿದ್ದಾಗ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, 7.8 ತೀವ್ರತೆಯ ಭೂಕಂಪ ಆಯಿತು. ಮರುದಿನ ಬೆಂಗಳೂರಿನ ನಮ್ಮ ಚರ್ಚಿನ ಸಭೆಯಲ್ಲಿ ಸಭಾಪಾಲಕರು ಈ ಸುದ್ದಿ ಹೇಳಿದಾಗ ಯೌವನಸ್ಥರು ಹೊರಟೇ ನಿಂತರು. ಫ್ಯಾಬ್ರಿಕೇಶನ್ ಕೆಲಸದವನು ಅಂತ ಮುಂದಾಳುತನ ನನಗೆ ಬಂತು.

ಹೊರಡುವ ಮುಂಚೆ ಕಾಠ್ಮಂಡುವಿನ ಒಂದು ಸಭೆಯ ಹಿರಿಯರಿಗೆ ಫೋನ್ ಮಾಡಿ, ಏನು ಬೇಕು ಅಂತ ಹಿಂದಿಯಲ್ಲಿ ಕೇಳಿದೆ. "ಬಟ್ಟೆ ಬೇಡ ತಮ್ಮಾ, ಬೇಕಾದಷ್ಟು ಬಂದಿದೆ. ಮಳೆ ಹಿಡಿಯೋದ್ರೊಳಗೆ ಸೂರು ಆಗಬೇಕು" ಅಂದರು. ಅಷ್ಟು ಸಾಕಾಯಿತು. ಕಾಣಿಕೆಯನ್ನೆಲ್ಲ ಹಣವಾಗಿಯೇ ಕೂಡಿಸಿದೆವು. ಚಾವಣಿಗೆ ಹಾಕುವ ತಗಡಿನ ಶೀಟು ಅಲ್ಲೇ ಕೊಂಡರೆ ಅಲ್ಲಿನ ಅಂಗಡಿಯವನಿಗೂ ವ್ಯಾಪಾರ, ಅಲ್ವಾ? ಇಲ್ಲಿಂದ ಒಯ್ದದ್ದು ಶೀಟು ಕತ್ತರಿ, ಸುತ್ತಿಗೆ, ದಪ್ಪ ಕೈಗವಸು ಮಾತ್ರ. ಎಲ್ಲರಿಗೂ ಧನುರ್ವಾಯು ಬರದ ಹಾಗೆ ಟಿಟಿ ಇಂಜೆಕ್ಷನ್ ಹಾಕಿಸಿದೆ. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇದ್ದರೆ ಆಯಿತು. ರೈಲಿನಲ್ಲಿ ಗೋರಖ್‌ಪುರ, ಅಲ್ಲಿಂದ ಸೋನೌಲಿ ಗಡಿ ದಾಟಿ ಬಸ್ಸು.

ಸತ್ತ ಸುಮಾರು ಒಂಬತ್ತು ಸಾವಿರ ಜನರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಸಿಂಧುಪಾಲ್ಚೋಕ್ ಜಿಲ್ಲೆಯವರೇ. ಕಲ್ಲಿಗೆ ಮಣ್ಣಿನ ಗಾರೆ ಹಾಕಿ ಕಟ್ಟಿದ ಮನೆಗಳು ಕುಸಿದು ಗುಡ್ಡೆಯಾಗಿದ್ದವು. ದೋಲಾಲ್‌ಘಾಟ್ ದಾಟಿ ಚೌತಾರಾ ಕಡೆ ಹತ್ತಿದಂತೆ ದಾರಿಯುದ್ದಕ್ಕೂ ಅದೇ ನೋಟ. ರಸ್ತೆ ಮುಗಿದ ಮೇಲೆ ಶೀಟು ಹೊತ್ತೇ ಏರಬೇಕು. ಅಲ್ಲಿನ ಹೆಂಗಸರು ಹಣೆಗೆ ಪಟ್ಟಿ ಕೊಟ್ಟು ಬುಟ್ಟಿಯಲ್ಲಿ ಮೊಳೆ, ತಂತಿ ಹೊತ್ತು ನಮಗಿಂತ ಮುಂಚೆ ತಲುಪುತ್ತಿದ್ದರು.

ಕಂಬ, ತೊಲೆಗೆ ಬಿದ್ದ ಮನೆಯ ಮರವೇ. ಮೊಳೆ ಕಿತ್ತು, ನೇರ ಮಾಡಿ, ಮತ್ತೆ ಬಳಸಿದೆವು. ಶೀಟಿಗೆ ಮೊಳೆ ಉಬ್ಬಿನ ಮೇಲೆ ಹೊಡೆಯಬೇಕು, ಮೊಳೆಯ ತಲೆಯ ಕೆಳಗೆ ರಬ್ಬರ್ ವಾಷರ್ ಇರಬೇಕು. ನೀರು ಹರಿಯುವ ತಗ್ಗಿನಲ್ಲಿ ಹೊಡೆದರೆ ಮೊದಲ ಮಳೆಗೇ ಸೋರುತ್ತದೆ. ಗಾಳಿಗೆ ಹಾರದಿರಲಿ ಅಂತ ಕೆಲವರು ಮೇಲೆ ಕಲ್ಲು ಹೇರುತ್ತಿದ್ದರು. ನೆಲ ಇನ್ನೂ ಆಗಾಗ ನಡುಗುತ್ತಿತ್ತು, ಮಲಗಿದವರ ಮೇಲೆ ಆ ಕಲ್ಲು ಬಿದ್ದರೆ? ಒಂದೊಂದು ಮನೆಯಲ್ಲೂ ಕಲ್ಲು ಇಳಿಸಿ, ಶೀಟನ್ನು ತಂತಿಯಿಂದ ತೊಲೆಗೆ ಬಿಗಿದೆವು. ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಆದರೂ ಯಾವ ಮನೆಯಲ್ಲೂ ಬಿಡಲಿಲ್ಲ.

ಯಾರ ಮನೆ ಮೊದಲು ಅನ್ನುವ ಪಟ್ಟಿ ಮಾಡಿದವರು ಊರಿನವರು. ಒಂಟಿ ಮುದುಕಿಯರು, ಹಸುಗೂಸು ಇದ್ದವರು ಮೇಲೆ ಬಂದರು. ಅಲ್ಲಿ ತಮಾಂಗ್ ಜನಾಂಗದವರು ತುಂಬ, ಅವರಲ್ಲಿ ಬಹುಪಾಲು ಬೌದ್ಧರು. ಹೊರಡುವಾಗಲೇ ನಮ್ಮ ಹುಡುಗರಿಗೆ ಹೇಳಿದ್ದೆ: ಶೀಟಿನ ಜೊತೆ ಕರಪತ್ರ ಹೋಗಕೂಡದು. ಮತಾಂತರ ಮಾಡಿಸುವುದು ನೇಪಾಳದಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಮನೆ ಕಳೆದುಕೊಂಡವರ ಮುಂದೆ ಸೂರನ್ನೂ ದೇವರನ್ನೂ ಒಟ್ಟಿಗೆ ಹಿಡಿದರೆ ಅವರು ಬೇಡ ಅನ್ನುವುದಾದರೂ ಹೇಗೆ? ನಮ್ಮ ಪ್ರಾರ್ಥನೆ ಬೆಳಿಗ್ಗೆ ನಮ್ಮ ಟೆಂಟಿನಲ್ಲೇ. ಶನಿವಾರ ಮಾತ್ರ ಅಲ್ಲಿನ ಸಭೆಯ ಜೊತೆ ಬಯಲಿನಲ್ಲಿ ಕೂತೆವು.

ಮಳೆ ಶುರುವಾದರೆ ಆ ಗುಡ್ಡಗಳು ಜಾರುತ್ತವೆ. ಅದಕ್ಕೆ ಜೂನ್ ಮೊದಲ ವಾರದಲ್ಲೇ ಇಳಿದೆವು. ಪಟ್ಟಿಯಲ್ಲಿ ಇನ್ನೂ ಮನೆಗಳಿದ್ದವು. ಆ ಹೊತ್ತಿಗೆ ಊರಿನ ಹುಡುಗರಿಗೆ ಕೆಲಸ ಪೂರ್ತಿ ಕೈಹತ್ತಿತ್ತು. ಕತ್ತರಿ, ಸುತ್ತಿಗೆ, ಉಳಿದ ಶೀಟು ಅವರಿಗೇ ಒಪ್ಪಿಸಿದೆವು. ಉಳಿದ ಮನೆಗಳಿಗೆ ಅವರೇ ಹೊದಿಸಿದರು.