ಖಾಸಗಿ ಫೋಟೊ ಹರಿದಾಡುತ್ತಿದ್ದರೆ: ಅಳಿಸುವ ಮೊದಲು ದಾಖಲೆ

ಒಪ್ಪಿಗೆಯಿಲ್ಲದೆ ನಿಮ್ಮ ಖಾಸಗಿ ಫೋಟೊ ಆನ್‌ಲೈನ್‌ಗೆ ಬಂದದ್ದು ತಿಳಿದ ಕೂಡಲೇ ರಿಪೋರ್ಟ್ ಒತ್ತಬೇಡಿ, ಹಾಕಿದವನಿಗೆ ಫೋನ್ ಮಾಡಿ ಬೈಯಲೂ ಬೇಡಿ. ಪೋಸ್ಟ್ ಹೋಗುತ್ತದೆ, ಜೊತೆಗೆ ಸಾಕ್ಷ್ಯವೂ ಹೋಗುತ್ತದೆ.

ಮೊದಲು ಸ್ಕ್ರೀನ್‌ಶಾಟ್: ಪೂರ್ತಿ ಲಿಂಕ್, ಖಾತೆ, ದಿನಾಂಕ, ಸಮಯ ಕಾಣಬೇಕು. ಖಾತೆಯ ಹೆಸರು ಬದಲಾಯಿಸುವುದು ಸುಲಭ, ಹಾಗಾಗಿ ಪ್ರೊಫೈಲ್ ಲಿಂಕನ್ನೂ ಕಾಪಿ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ಚಾಟ್ ಎಕ್ಸ್‌ಪೋರ್ಟ್ ಮಾಡಿ. ಆ ಫೋನನ್ನು ರೀಸೆಟ್ ಮಾಡಬೇಡಿ. ಕೋರ್ಟಿಗೆ ಪ್ರಿಂಟ್ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ, ಅದರಲ್ಲಿ ಹ್ಯಾಶ್ ಮೌಲ್ಯ (ಫೈಲಿನ ಡಿಜಿಟಲ್ ಬೆರಳಚ್ಚು) ಬೇಕು. ಚಿತ್ರದಲ್ಲಿರುವವರಿಗೆ 18 ತುಂಬಿಲ್ಲವೇ? ಚಿತ್ರವನ್ನು ಉಳಿಸಿಕೊಳ್ಳಲೇಬೇಡಿ, ಲಿಂಕ್ ಮಾತ್ರ ಬರೆದುಕೊಳ್ಳಿ. ಐಟಿ ಕಾಯ್ದೆಯ 67ಬಿ ಅಡಿ ಡೌನ್‌ಲೋಡ್ ಮಾಡುವುದೂ ಅಪರಾಧ.

ಆಮೇಲೆ ತೆಗೆಸುವ ಕೆಲಸ. ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ನಗ್ನ ಅಥವಾ ತಿರುಚಿದ ಚಿತ್ರಗಳನ್ನು ಹೆಚ್ಚೆಂದರೆ 2 ಗಂಟೆಯಲ್ಲಿ ತೆಗೆಯಬೇಕು (2026ರ ತಿದ್ದುಪಡಿಗೆ ಮೊದಲು 24 ಗಂಟೆ ಇತ್ತು). ‘ಚಿತ್ರದಲ್ಲಿರುವುದು ನಾನೇ, ಒಪ್ಪಿಗೆ ಕೊಟ್ಟಿಲ್ಲ’ ಎಂದು ನೇರವಾಗಿ ಬರೆದು ಒಂದೊಂದು ಲಿಂಕನ್ನೂ ಬೇರೆಬೇರೆ ಕೊಡಿ. ಬರೀ ‘ಮಾನಹಾನಿ’ ಎಂದರೆ ಅರ್ಜಿ ಸಾಮಾನ್ಯ ದೂರುಗಳ ಸಾಲಿಗೆ ಬಿದ್ದು ದಿನಗಟ್ಟಲೆ ಕೊಳೆಯುತ್ತದೆ. ಒಪ್ಪಿಗೆಯಿಲ್ಲದ ಖಾಸಗಿ ಚಿತ್ರಗಳ ಹಂಚಿಕೆ ತಡೆಯಲು ವಯಸ್ಕರಿಗೆ ‘ಸ್ಟಾಪ್‌ಎನ್‌ಸಿಐಐ’ ತಾಣವಿದೆ. ಫೋಟೊ ನಿಮ್ಮ ಫೋನಿನಲ್ಲೇ ಉಳಿದು ಅದರ ಹ್ಯಾಶ್ ಮಾತ್ರ ಕಂಪನಿಗಳಿಗೆ ಹೋಗುತ್ತದೆ.

ಪೊಲೀಸ್ ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್, ಕರ್ನಾಟಕದಲ್ಲಾದರೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ. ‘ನಮ್ಮ ವ್ಯಾಪ್ತಿಯಲ್ಲ’ ಎಂದು ಕಳಿಸಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಸೆಕ್ಷನ್ 173 ನೆನಪಿಸಿ: ಯಾವ ಠಾಣೆಯಾದರೂ ಝೀರೊ ಎಫ್‌ಐಆರ್ ದಾಖಲಿಸಬೇಕು. ಆಗಲೂ ಆಗದಿದ್ದರೆ ಎಸ್‌ಪಿಗೆ ಲಿಖಿತ ದೂರು, ನಂತರ ಮ್ಯಾಜಿಸ್ಟ್ರೇಟ್.

ಸೆಕ್ಷನ್ ವಿಷಯದಲ್ಲೇ ಹೆಚ್ಚು ಎಡವಟ್ಟು. ಐಟಿ ಕಾಯ್ದೆಯ 66ಇ ಗಂಡು–ಹೆಣ್ಣು ಇಬ್ಬರಿಗೂ ರಕ್ಷಣೆ. 3 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅದು ದೇಹದ ಗುಪ್ತಾಂಗಗಳ ಚಿತ್ರಕ್ಕೆ ಮಾತ್ರ. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 77 ಸಂತ್ರಸ್ತೆ ಮಹಿಳೆಯಾದಾಗ ಅನ್ವಯ. ಫೋಟೊ ಕ್ಲಿಕ್ಕಿಸಲು ಒಪ್ಪಿದ್ದರೂ ಹಂಚಲು ಒಪ್ಪಿಲ್ಲದಿದ್ದರೆ ಅಪರಾಧವೇ.

ಪಕ್ಕದ ಮನೆಯ ಸಿಸಿಟಿವಿ ನಿಮ್ಮ ಕಿಟಕಿಯತ್ತ ತಿರುಗಿದ್ದರೆ 66ಇ ಸಾಮಾನ್ಯವಾಗಿ ನಿಲ್ಲದು. ಅಲ್ಲಿ ದಾರಿ ಸಿವಿಲ್ ಕೋರ್ಟು. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪನ್ನು ವಕೀಲರು ಉಲ್ಲೇಖಿಸುತ್ತಾರೆ. ಕ್ಯಾಮೆರಾ ಕೋನದ ಫೋಟೊ, ಲೀಗಲ್ ನೋಟಿಸಿನ ಪ್ರತಿ ಜೊತೆಗಿಟ್ಟು ದಾವೆಯೊಂದಿಗೇ ಮಧ್ಯಂತರ ತಡೆಯಾಜ್ಞೆ ಕೇಳಿ.