ದೊಡ್ಡ ನಿಲ್ದಾಣದ ಆಕಾಶವನ್ನು ಪುಟ್ಟ ವಿಮಾನದಲ್ಲಿ ದಾಟುವುದು ಹೇಗೆ?

ನಾಲ್ಕು ಸೀಟಿನ ಪುಟ್ಟ ವಿಮಾನ. ಒಂದೇ ಎಂಜಿನ್, ನೂರು ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ಆಸುಪಾಸಿನ ವೇಗ. ಎದುರಿಗೆ ದೊಡ್ಡ ವಿಮಾನ ನಿಲ್ದಾಣದ ಆಕಾಶ. ಅಲ್ಲಿ ಜೆಟ್‌ಗಳು ಒಂದರ ಹಿಂದೊಂದು ಇಳಿಯುತ್ತಿವೆ. ಸುತ್ತಿಕೊಂಡು ಹೋದರೆ ಹೊತ್ತೂ ಜಾಸ್ತಿ, ಇಂಧನವೂ ಜಾಸ್ತಿ. ನೇರವಾಗಿ ದಾಟಬಹುದಾ?

ಖಂಡಿತ ದಾಟಬಹುದು. ಆದರೆ ಹೊಸದಾಗಿ ಲೈಸೆನ್ಸ್ ಪಡೆದವರಲ್ಲಿ ಎಷ್ಟೋ ಜನ ಹೆದರಿ ಸುತ್ತುದಾರಿ ಹಿಡಿಯುತ್ತಾರೆ. ಅವರ ಹೆದರಿಕೆ ವಿಮಾನ ಹಾರಿಸುವುದಕ್ಕಲ್ಲ, ರೇಡಿಯೊದಲ್ಲಿ ಮಾತಾಡುವುದಕ್ಕೆ. ಆ ಮಾತನ್ನು ಕಲಿಯಬಹುದು. ಮೊದಲ ಒಂದೆರಡು ಸಲ ಪಕ್ಕದಲ್ಲಿ ತರಬೇತುದಾರರು ಇರಲಿ.

ನೆಲದ ಮೇಲೇ ಮುಗಿಸುವ ಕೆಲಸ

ಆಕಾಶವನ್ನು ಎ ಇಂದ ಜಿ ವರೆಗೆ ಏಳು ವರ್ಗ ಮಾಡಿದ್ದಾರೆ. ಕಣ್ಣಿಗೆ ಕಾಣುವುದನ್ನು ನಂಬಿ ಹಾರುವವರಿಗೆ, ಅಂದರೆ ವಿಎಫ್‌ಆರ್ ಪೈಲಟ್‌ಗಳಿಗೆ, ಎ ವರ್ಗಕ್ಕೆ ಪ್ರವೇಶವಿಲ್ಲ. ಜಿ ವರ್ಗದಲ್ಲಿ ನಿಯಂತ್ರಣವೇ ಇಲ್ಲ. ನಮಗೆ ಮುಖ್ಯವಾದದ್ದು ನಡುವಿನ ಬಿ, ಸಿ, ಡಿ. ನಿಯಮ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಅಮೆರಿಕದಲ್ಲಿ ಸಿ ಮತ್ತು ಡಿ ವರ್ಗದೊಳಗೆ ಹೋಗಲು ಕಂಟ್ರೋಲರ್, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರು, ನಿಮ್ಮ ಕಾಲ್‌ಸೈನ್ (ರೇಡಿಯೊದಲ್ಲಿ ನಿಮ್ಮ ವಿಮಾನದ ಹೆಸರು) ಹೇಳಿ ಉತ್ತರಿಸಿದರೆ ಸಾಕು. ಬಿ ವರ್ಗಕ್ಕೆ ಮಾತ್ರ ‘ಕ್ಲಿಯರ್ಡ್’ ಎಂಬ ಪದ ಕಿವಿಗೆ ಬೀಳಲೇಬೇಕು. ಬೇರೆ ಹಲವು ಕಡೆ ಈ ಮೂರಕ್ಕೂ ಸ್ಪಷ್ಟ ಅನುಮತಿ ಬೇಕು. ಹಾರುವ ದೇಶದ ನಿಯಮ ಓದಿಕೊಂಡೇ ಹೊರಡಿ.

ದೊಡ್ಡ ನಿಲ್ದಾಣದ ಸುತ್ತಲಿನ ನಿಯಂತ್ರಿತ ವಲಯದ ಆಕಾರ ತಲೆಕೆಳಗಾಗಿ ನಿಲ್ಲಿಸಿದ ಮೆಟ್ಟಿಲು ಗೋಪುರದ ಹಾಗೆ. ನಿಲ್ದಾಣದ ಹತ್ತಿರ ನೆಲದಿಂದಲೇ ಶುರು, ದೂರ ಹೋದಂತೆ ಅದರ ತಳ ಮೇಲೇರುತ್ತದೆ. ಹಾಗಾಗಿ ಒಂದೇ ಊರಿನ ಮೇಲೆ 2,000 ಅಡಿಯಲ್ಲಿ ನೀವು ಹೊರಗೆ, 3,000 ಅಡಿಯಲ್ಲಿ ಒಳಗೆ ಇರಬಹುದು. ಚಾರ್ಟ್‌ನಲ್ಲಿ, ಅಂದರೆ ಪೈಲಟ್‌ಗಳ ನಕ್ಷೆಯಲ್ಲಿ, ಪ್ರತಿ ಸುತ್ತಿನ ಕೆಳಮಿತಿ, ಮೇಲ್ಮಿತಿ ಬರೆದಿರುತ್ತದೆ. ನಿಮ್ಮ ದಾರಿಯ ಮೇಲೆ ಬೆರಳಿಟ್ಟು ಒಂದೊಂದನ್ನೂ ಓದಿ. ರೇಡಿಯೊ ಫ್ರೀಕ್ವೆನ್ಸಿಗಳನ್ನು ಬರೆದಿಟ್ಟುಕೊಳ್ಳಿ. ನದಿ, ಹೆದ್ದಾರಿ, ಕೆರೆಯಂಥ ಗುರುತುಗಳನ್ನು ನೋಡಿಟ್ಟುಕೊಳ್ಳಿ, ಕಂಟ್ರೋಲರ್ ಅವುಗಳ ಹೆಸರು ಹೇಳಿಯೇ ದಾರಿ ತೋರಿಸಬಹುದು. ನೋಟಮ್, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ಸೂಚನೆಗಳನ್ನೂ ನೋಡಿ.

ಇಷ್ಟೆಲ್ಲ ಆದ ಮೇಲೆ ಸುತ್ತುದಾರಿಯನ್ನೂ ಗೆರೆ ಎಳೆದು ಇಟ್ಟುಕೊಳ್ಳಿ, ಅದಕ್ಕೆ ಸಾಕಾಗುವ ಇಂಧನ ತುಂಬಿಸಿ. ಅನುಮತಿ ಸಿಗದೇ ಇರಬಹುದು. ಸುತ್ತಿ ಹೋಗುವಷ್ಟು ಇಂಧನ ಇದ್ದವರ ದನಿಯಲ್ಲಿ ಗಾಬರಿ ಇರುವುದಿಲ್ಲ.

ಟ್ರಾನ್ಸ್‌ಪಾಂಡರ್

ರಾಡಾರ್‌ನಲ್ಲಿ ನೀವು ಯಾರು, ಎಷ್ಟು ಎತ್ತರದಲ್ಲಿದ್ದೀರಿ ಎಂದು ತಿಳಿಸುವ ಪೆಟ್ಟಿಗೆ ಇದು. ಕಂಟ್ರೋಲರ್ ಕೊಡುವ ಕೋಡ್ ಅನ್ನು ಇದರಲ್ಲಿ ಹಾಕಬೇಕು. ಕೋಡ್‌ನಲ್ಲಿ ನಾಲ್ಕು ಅಂಕಿ, ಪ್ರತಿಯೊಂದೂ 0ಯಿಂದ 7ರ ಒಳಗೆ. ಗುಂಡಿ ಎತ್ತರ ಕಳಿಸುವ ‘ಆಲ್ಟ್’ ಸ್ಥಾನದಲ್ಲಿ ಇದೆಯಾ ಎಂದು ಎರಡು ಸಲ ನೋಡಿ. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಹತ್ತಿರದ ಸೆರಿಟೋಸ್ ಮೇಲೆ ಪುಟ್ಟ ಪೈಪರ್ ವಿಮಾನವೊಂದು ಅನುಮತಿ ಇಲ್ಲದೆ ಇಂಥ ವಲಯ ಹೊಕ್ಕಿತ್ತು. ಅದರ ಟ್ರಾನ್ಸ್‌ಪಾಂಡರ್ ಎತ್ತರ ಕಳಿಸುತ್ತಿರಲಿಲ್ಲ. ಇಳಿಯುತ್ತಿದ್ದ ಏರೋಮೆಕ್ಸಿಕೋ ಜೆಟ್‌ಗೆ ಅದು ಡಿಕ್ಕಿಯಾಯಿತು. ನೆಲದ ಮೇಲಿದ್ದ 15 ಜನರೂ ಸೇರಿ 82 ಮಂದಿ ಸತ್ತರು.

ಮೊದಲು ಕಿವಿ, ಆಮೇಲೆ ಬಾಯಿ

ಗಡಿ ತಲುಪುವ ಐದಾರು ನಿಮಿಷ ಮೊದಲೇ ಫ್ರೀಕ್ವೆನ್ಸಿ ಹಾಕಿ, ಸುಮ್ನೆ ಕೇಳಿ. ವಿಮಾನದ ರೇಡಿಯೊದಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೀರಲು ಸದ್ದಷ್ಟೇ ಉಳಿಯುತ್ತದೆ. ಒಬ್ಬರು ಕೇಳಿ, ಇನ್ನೊಬ್ಬರು ಉತ್ತರ ಹೇಳಿ ಮುಗಿಸುವವರೆಗೆ ಕಾಯಿರಿ. ಹೇಳಬೇಕಾದ್ದನ್ನು ಗುಂಡಿ ಒತ್ತುವ ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳಿ.

ಮೊದಲ ಕರೆ ಚಿಕ್ಕದಾಗಿರಲಿ: “ಅಪ್ರೋಚ್, ಸೆಸ್ನಾ ಬ್ರಾವೊ ಚಾರ್ಲಿ ಡೆಲ್ಟಾ.” ಅಪ್ರೋಚ್ ಅಂದರೆ ಆ ವಲಯದ ಕಂಟ್ರೋಲರ್, ಉಳಿದದ್ದು ನಿಮ್ಮ ಕಾಲ್‌ಸೈನ್. ಅವರು ಉತ್ತರಿಸಿದ ಮೇಲೆ ಐದು ವಿಷಯ: ಯಾರು, ಯಾವ ವಿಮಾನ, ಎಲ್ಲಿದ್ದೀರಿ, ಎಷ್ಟು ಎತ್ತರ, ಏನು ಬೇಕು. “ಬ್ರಾವೊ ಚಾರ್ಲಿ ಡೆಲ್ಟಾ, ಸೆಸ್ನಾ 172, ನಿಲ್ದಾಣದಿಂದ ದಕ್ಷಿಣಕ್ಕೆ ಹದಿನೈದು ಮೈಲಿ, 2,500 ಅಡಿ, ಉತ್ತರಕ್ಕೆ ದಾಟಲು ಅನುಮತಿ ಬೇಕು.” ಇಂಗ್ಲಿಷ್‌ನಲ್ಲಿ ಹೇಳುವಾಗಲೂ ಇದೇ ಕ್ರಮ. ಮನೆಯಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ. ನಾಚಿಕೆ ಬೇಡ, ಇದರಿಂದ ಆಗುವ ಉಪಯೋಗ ದೊಡ್ಡದು.

ಉತ್ತರವಾಗಿ “ಸ್ಟ್ಯಾಂಡ್‌ಬೈ” ಬಂದರೆ ಕಾಯಿರಿ ಎಂದಷ್ಟೇ ಅರ್ಥ. ಸ್ಪಷ್ಟ ಅನುಮತಿ ಬೇಕಾದ ಕಡೆ ಅದು ಒಳಗೆ ಬನ್ನಿ ಎಂದಲ್ಲ. ಗಡಿ ಹತ್ತಿರವಾಗುತ್ತಿದೆಯಾ? ಹೊರಗೇ ಒಂದು ಸುತ್ತು ಹಾಕಿ.

ಅನುಮತಿ ಬರುವಾಗ ಕೋಡ್, ಎತ್ತರ, ದಿಕ್ಕು, ಆಲ್ಟಿಮೀಟರ್‌ಗೆ (ಎತ್ತರ ತೋರಿಸುವ ಮೀಟರ್‌ಗೆ) ಹೊಂದಿಸಬೇಕಾದ ಗಾಳಿಯ ಒತ್ತಡ ಎಲ್ಲ ಒಂದೇ ಉಸಿರಿಗೆ ಬರುತ್ತವೆ. ತೊಡೆಗೆ ಕಟ್ಟಿಕೊಂಡ ಪ್ಯಾಡ್ ಈಗ ಬೇಕು. ಪೆನ್ಸಿಲ್ ಅದಕ್ಕೇ ದಾರದಲ್ಲಿ ಕಟ್ಟಿರಲಿ, ಸೀಟಿನ ಕೆಳಗೆ ಉರುಳಿದ ಪೆನ್ಸಿಲ್ ಹುಡುಕುತ್ತ ಎತ್ತರ ತಪ್ಪಿಸಿಕೊಳ್ಳಬಾರದು. ಕೇಳಿದಂತೆ ಅಂಕಿಗಳನ್ನು ಗೀಚಿ, ಆಮೇಲೆ ಓದಿ ಹೇಳಿ. ನೀವು ತಪ್ಪು ಹೇಳಿದರೆ ಅಲ್ಲೇ ತಿದ್ದಲು ಕಂಟ್ರೋಲರ್‌ಗೆ ಅವಕಾಶ ಸಿಗುತ್ತದೆ. ಅದಕ್ಕೇ ಬರೀ “ರೋಜರ್” (ಕೇಳಿಸಿತು) ಸಾಲದು. ಒಂದು ಅಂಕಿ ಕೇಳಿಸದಿದ್ದರೂ “ಸೇ ಅಗೇನ್” ಅನ್ನಿ. ಊಹಿಸಬೇಡಿ.

ಒಳಗೆ ಹೋದ ಮೇಲೆ

ಕೊಟ್ಟ ಎತ್ತರ, ಕೊಟ್ಟ ದಿಕ್ಕು, ಅಷ್ಟೇ. ಆದರೆ ಆ ದಿಕ್ಕು ಮೋಡದೊಳಗೆ ಒಯ್ಯುತ್ತಿದ್ದರೆ ಹೋಗಬೇಡಿ. ಕಂಟ್ರೋಲರ್‌ಗೆ ನಿಮ್ಮ ಕಿಟಕಿಯಾಚೆಯ ಮೋಡ ಕಾಣುವುದಿಲ್ಲ. “ಅನೇಬಲ್ (ಆಗುವುದಿಲ್ಲ), ಮುಂದೆ ಮೋಡ” ಅನ್ನಿ, ಅವರು ಬೇರೆ ದಿಕ್ಕು ಕೊಡುತ್ತಾರೆ. ಇದು ಎದುರುತ್ತರವಲ್ಲ, ಪೈಲಟ್‌ನ ಕರ್ತವ್ಯ.

ಬಹಳ ಸಲ ರನ್‌ವೇಯ ನಡುಭಾಗದ ಮೇಲೆಯೇ ದಾಟಿಸುತ್ತಾರೆ. ಕೇಳಿದರೆ ಅಚ್ಚರಿಯಾಗುತ್ತದೆ, ಅಲ್ವಾ? ಅಲ್ಲಿ ಇಳಿಯುವ ಜೆಟ್‌ಗಳು ಆಗಲೇ ನೆಲ ಮುಟ್ಟಿರುತ್ತವೆ, ಏರುವವು ಇನ್ನೂ ನಿಮ್ಮ ಕೆಳಗಿರುತ್ತವೆ. ದೊಡ್ಡ ಜೆಟ್‌ನ ರೆಕ್ಕೆತುದಿಯಿಂದ ಏಳುವ ಸುಳಿಗಾಳಿ ನಿಮಿಷಕ್ಕೆ 300ರಿಂದ 500 ಅಡಿಯಂತೆ ಕೆಳಗಿಳಿಯುತ್ತದೆ. ಪುಟ್ಟ ವಿಮಾನವನ್ನು ಮಗುಚುವಷ್ಟು ಬಲ ಅದಕ್ಕಿದೆ. ಆದ್ದರಿಂದ ಜೆಟ್ ಹೋದ ದಾರಿಗಿಂತ ಮೇಲಿರಿ, ಅದರ ಹಿಂದೆ ಕೆಳಗೆ ನುಸುಳಬೇಡಿ.

“ಟ್ರಾಫಿಕ್, ಎರಡು ಗಂಟೆ ದಿಕ್ಕು, ಮೂರು ಮೈಲಿ” ಎಂದರೆ ಬಲ ಮುಂಭಾಗಕ್ಕೆ ನೋಡಿ. ಕಂಡರೆ ಕಂಡಿತು ಅನ್ನಿ, ಕಾಣದಿದ್ದರೆ ಕಾಣುತ್ತಿಲ್ಲ ಅನ್ನಿ. ಕಂಡದ್ದು ಮತ್ತೆ ಮರೆಯಾದರೆ ಅದನ್ನೂ ಹೇಳಿ. 1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೋದಲ್ಲಿ ಪಿಎಸ್‌ಎ ಕಂಪನಿಯ ಜೆಟ್‌ನ ಪೈಲಟ್‌ಗಳಿಗೆ ಮುಂದಿದ್ದ ಸೆಸ್ನಾ ಕಣ್ಮರೆಯಾಗಿತ್ತು. ಅದನ್ನು ಅವರು ಕಂಟ್ರೋಲರ್‌ಗೆ ಸ್ಪಷ್ಟವಾಗಿ ತಿಳಿಸಲಿಲ್ಲ. ಎರಡೂ ಡಿಕ್ಕಿಯಾಗಿ 144 ಜನ ಸತ್ತರು. ತಪ್ಪು ಉಚ್ಚಾರಣೆ, ತಡವರಿಕೆ ಎಲ್ಲ ನಡೆಯುತ್ತದೆ. ಕಾಣದ್ದನ್ನು ಕಂಡೆ ಅನ್ನುವುದು ಮಾತ್ರ ಎಂದೂ ಬೇಡ.

ರೇಡಿಯೊ ಕೆಟ್ಟರೆ ಟ್ರಾನ್ಸ್‌ಪಾಂಡರ್ ಕೋಡ್ 7600, ತುರ್ತು ಸ್ಥಿತಿಗೆ 7700. ಇವು ಬಾಯಿಪಾಠ ಇರಲಿ.

ಹೊರಬರುವಾಗ

“ರಾಡಾರ್ ಸರ್ವಿಸ್ ಟರ್ಮಿನೇಟೆಡ್, ಸ್ಕ್ವಾಕ್ ವಿಎಫ್‌ಆರ್” ಎಂದಾಗ, ಅಂದರೆ ನಮ್ಮ ರಾಡಾರ್ ಸೇವೆ ಮುಗಿಯಿತು, ವಿಎಫ್‌ಆರ್ ಕೋಡ್ ಹಾಕಿ ಎಂದಾಗ, ಕೋಡ್ ಬದಲಿಸಿ. ಅಮೆರಿಕದಲ್ಲಿ 1200, ಯೂರೋಪಿನಲ್ಲಿ 7000. ತಕ್ಷಣ ಮೇಲೆ ಕೆಳಗೆ ಹೋಗಬೇಡಿ. ಮೊದಲು ಚಾರ್ಟ್ ನೋಡಿ: ತಲೆಯ ಮೇಲೆ ಗೋಪುರದ ಇನ್ನೊಂದು ಮೆಟ್ಟಿಲು ಬಾಕಿ ಇರಬಹುದು.