ಅಗ್ಗದ ಜಮೀನು ಸಿಕ್ಕೀತು, ಊರು ಸಿಗಬೇಕಲ್ಲ!

ಸಣ್ಣ ಊರಿಗೆ ಹೋಗಿ ನೆಲೆಸಬೇಕು, ಸ್ವಂತದ್ದೊಂದು ತುಂಡು ನೆಲ ಇರಬೇಕು ಎಂದುಕೊಂಡವರು ಮೊದಲು ಮಾಡುವ ಕೆಲಸ ಜಮೀನಿನ ಜಾಹೀರಾತು ನೋಡುವುದು. ಎಕರೆಗೆ ಎಷ್ಟು, ಫೋಟೊದಲ್ಲಿ ಹಸಿರು ಎಷ್ಟು ಎಂದು ನೋಡುವಷ್ಟರಲ್ಲಿ ಮನಸ್ಸು ಅರ್ಧ ಸೋತಿರುತ್ತದೆ. ನನ್ನ ಸಲಹೆ ಇದಕ್ಕೆ ತಿರುವುಮುರುವು: ಮೊದಲು ಊರು, ಆಮೇಲೆ ನೀರು, ಆಮೇಲೆ ದಾರಿ, ಜಮೀನು ಕಟ್ಟಕಡೆಗೆ. ಬಡಕಲು ಮಣ್ಣನ್ನು ನಾಲ್ಕೈದು ವರ್ಷ ಗೊಬ್ಬರ ಹಾಕಿ ಹದಕ್ಕೆ ತರಬಹುದು. ಆಸ್ಪತ್ರೆ ದೂರವಿರುವ ಊರಿನ ಹತ್ತಿರಕ್ಕೆ ಆಸ್ಪತ್ರೆಯನ್ನು ನೀವು ಎಳೆದು ತರಲಾರಿರಿ.

ಎಷ್ಟು ಬೇಕು, ಯಾಕೆ ಬೇಕು

ಹುಡುಕುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದು ಎಕರೆ ಎಂದರೆ 43,560 ಚದರ ಅಡಿ. ಮನೆಬಳಕೆಯ ತರಕಾರಿ, ಹತ್ತಾರು ಹಣ್ಣಿನ ಗಿಡ, ನಾಲ್ಕು ಕೋಳಿ ಇಷ್ಟೇ ಸಾಕೆನ್ನುವವರಿಗೆ ಅರ್ಧ ಎಕರೆಯೇ ಕೈತುಂಬ ಕೆಲಸ. ಬೆಳೆ ಮಾರಿ ಬದುಕುತ್ತೇನೆ ಎನ್ನುವವರ ಲೆಕ್ಕ ಬೇರೆ. ಅವರು ಜಮೀನಿಗಿಂತ ಮೊದಲು ಮಾರುಕಟ್ಟೆಗೆ ಎಷ್ಟು ದೂರ ಎಂದು ನೋಡಬೇಕು. ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ಬಿಟ್ಟುಕೊಡಲು ಆಗದ್ದನ್ನು ಬರೆಯಿರಿ: ತುರ್ತಿಗೆ ಆಸ್ಪತ್ರೆ ಎಷ್ಟು ನಿಮಿಷದಲ್ಲಿ ಸಿಗಬೇಕು, ಮಕ್ಕಳ ಶಾಲೆ, ಕೆಲಸಕ್ಕೆ ಬೇಕಾದ ಇಂಟರ್ನೆಟ್. ಈ ಪಟ್ಟಿ ಉದ್ದವಾದಷ್ಟೂ ಊರುಗಳ ಪಟ್ಟಿ ಚಿಕ್ಕದಾಗುತ್ತದೆ. ಆಗಲಿ ಬಿಡಿ.

ಅಗ್ಗ ಯಾಕೆ ಎಂದು ಕೇಳಿ

ಯಾವ ಜಮೀನೂ ಸುಮ್ಮಸುಮ್ಮನೆ ಅಗ್ಗವಾಗಿರುವುದಿಲ್ಲ. ಕೆಲಸವಿಲ್ಲದೆ ಜನ ಊರು ಬಿಟ್ಟಿರಬಹುದು, ನೀರಿಲ್ಲದಿರಬಹುದು, ಕಾನೂನುಬದ್ಧ ದಾರಿ ಇಲ್ಲದಿರಬಹುದು, ನೆರೆ ಬರಬಹುದು, ಅಣ್ಣತಮ್ಮಂದಿರ ವ್ಯಾಜ್ಯ ಇರಬಹುದು, ಅಲ್ಲಿ ಮನೆ ಕಟ್ಟಲು ಅನುಮತಿಯೇ ಇಲ್ಲದಿರಬಹುದು. ಇದರಲ್ಲಿ ಮೊದಲನೆಯದು ನಿಮಗೆ ಅನುಕೂಲವೇ, ನಿಮ್ಮ ಸಂಪಾದನೆ ಬೇರೆಡೆಯಿಂದ ಬರುವುದಾದರೆ. ವ್ಯಾಜ್ಯ ಇದೆಯೆಂದರೆ ಎಷ್ಟೇ ಅಗ್ಗವಾಗಿದ್ದರೂ ಕೈಬಿಡಿ.

ಜನ ಬರಲಿ ಎಂದು ಊರುಗಳೇ ದುಡ್ಡು ಕೊಡುವ, ಬೆಲೆ ಇಳಿಸುವ ಯೋಜನೆಗಳೂ ಉಂಟು. ಸುದ್ದಿಯಲ್ಲಿ ಬರುವುದು ಮೊತ್ತ ಮಾತ್ರ; ಓದಬೇಕಾದದ್ದು ಷರತ್ತು. ಸ್ವಿಟ್ಜರ್ಲೆಂಡಿನ ಆಲ್ಬಿನೆನ್ ಎಂಬ ಬೆಟ್ಟದ ಹಳ್ಳಿ 2017ರಲ್ಲಿ 45 ವರ್ಷದೊಳಗಿನ ವಯಸ್ಕರಿಗೆ ತಲಾ 25,000 ಫ್ರಾಂಕ್, ಮಗುವಿಗೆ 10,000 ಫ್ರಾಂಕ್ ಕೊಡಲು ಒಪ್ಪಿತು. ಆದರೆ ಕನಿಷ್ಠ 2,00,000 ಫ್ರಾಂಕಿನ ಮನೆ ಕೊಳ್ಳಬೇಕು ಇಲ್ಲವೇ ಕಟ್ಟಬೇಕು, 10 ವರ್ಷದೊಳಗೆ ಬಿಟ್ಟುಹೋದರೆ ಹಣ ವಾಪಸ್. ಸಿಸಿಲಿಯ ಸಂಬೂಕಾ 2019ರಲ್ಲಿ ಒಂದು ಯೂರೊಗೆ ಮನೆ ಎಂದು ಜಗತ್ತಿನ ಗಮನ ಸೆಳೆಯಿತು. 3 ವರ್ಷದೊಳಗೆ ದುರಸ್ತಿ ಮುಗಿಸಬೇಕು ಎಂಬ ಕರಾರು, 5,000 ಯೂರೊ ಠೇವಣಿ ಎರಡೂ ಜೊತೆಗಿದ್ದವು. ಜಪಾನಿನಲ್ಲಿ 2023ರ ಸರ್ಕಾರಿ ಸಮೀಕ್ಷೆಯಂತೆ ಸುಮಾರು 90 ಲಕ್ಷ ಮನೆಗಳು ಖಾಲಿ. ಹಳ್ಳಿಮನೆ ಸುಲಭಕ್ಕೆ ಸಿಕ್ಕರೂ ಅದರ ಜೊತೆಗಿನ ಹೊಲ ಕೊಳ್ಳಲು ಸ್ಥಳೀಯ ಕೃಷಿ ಸಮಿತಿಯ ಅನುಮತಿ ಬೇಕು. ಸ್ಕಾಟ್ಲೆಂಡಿನ ಕ್ರಾಫ್ಟ್ ಎಂಬ ಸಣ್ಣ ಹಿಡುವಳಿ ಪಡೆದವರು ಅದರಿಂದ 32 ಕಿಲೋಮೀಟರ್ ಒಳಗೇ ವಾಸವಿರಬೇಕು. ವಾರಾಂತ್ಯಕ್ಕೆ ಬಂದು ಹೋಗುವವರನ್ನು ದೂರ ಇಡುವ ನಿಯಮಗಳಿವು. ನೆಲೆಸಲೆಂದೇ ಹೊರಟವರು ಇವುಗಳಿಗೆ ಹೆದರಬೇಕಿಲ್ಲ, ಲೆಕ್ಕಕ್ಕೆ ಹಿಡಿಯಬೇಕು ಅಷ್ಟೆ.

ಕೈಯಲ್ಲಿ ಹಣ ತೀರಾ ಕಡಿಮೆಯಿದ್ದರೆ ನೆಲ ಕೊಳ್ಳದೆಯೂ ನೆಲೆಸಬಹುದು. ಸಮುದಾಯ ಭೂ ಟ್ರಸ್ಟ್‌ಗಳು ನೆಲವನ್ನು ತಾವೇ ಇಟ್ಟುಕೊಂಡು ದೀರ್ಘಾವಧಿ ಗುತ್ತಿಗೆಗೆ ಕೊಡುತ್ತವೆ. ಅಮೆರಿಕದ ಜಾರ್ಜಿಯದಲ್ಲಿ 1969ರಲ್ಲಿ ಕಪ್ಪು ರೈತರಿಗಾಗಿ ಹುಟ್ಟಿದ ‘ನ್ಯೂ ಕಮ್ಯುನಿಟೀಸ್’ ಈ ಪದ್ಧತಿಗೆ ಮೊದಲ ಮಾದರಿ. ಮುಂದೆ ಮಾರುವಾಗ ಲಾಭಕ್ಕೆ ಮಿತಿ ಇರುತ್ತದೆ ಎನ್ನುವುದು ಮಾತ್ರ ಮೊದಲೇ ಗೊತ್ತಿರಲಿ.

‘ಜನ ಒಳ್ಳೆಯವರು’ ಎನ್ನುವುದನ್ನು ಪರೀಕ್ಷಿಸಿ

ಎಲ್ಲ ಊರಿನವರೂ ತಮ್ಮ ಊರಿನ ಜನ ಒಳ್ಳೆಯವರು ಎಂದೇ ಹೇಳುತ್ತಾರೆ, ಬಹುಪಾಲು ಅದು ನಿಜವೂ ಹೌದು. ಒಳ್ಳೆಯವರಾಗಿರುವುದು ಬೇರೆ, ಹೊಸಬರಿಗೆ ಜಾಗ ಬಿಡುವುದು ಬೇರೆ. ಮೊದಲ ಪರೀಕ್ಷೆ: ಬಾಡಿಗೆಗೆ ಒಂದು ಮನೆ ಕೇಳಿ. ಖಾಲಿ ಮನೆ ಹತ್ತಿದ್ದೂ ಒಂದೂ ಬಾಡಿಗೆಗೆ ಸಿಗದಿದ್ದರೆ ಉತ್ತರ ಸಿಕ್ಕಂತೆಯೇ.

ಎರಡನೆಯದು, ಕಳೆದ ಹತ್ತು ವರ್ಷದಲ್ಲಿ ಹೊರಗಿನಿಂದ ಬಂದವರು ಯಾರು, ಉಳಿದವರು ಯಾರು ಎಂದು ವಿಚಾರಿಸುವುದು. ಬಿಟ್ಟುಹೋದವರ ನಂಬರು ಹೇಗಾದರೂ ಸಂಪಾದಿಸಿ. ಅವರೊಡನೆ ಅರ್ಧ ಗಂಟೆ ಮಾತಾಡಿದರೆ ದಲ್ಲಾಳಿಯ ಜೊತೆ ವಾರವಿಡೀ ಸುತ್ತಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಒಂಟಿ ಹೆಂಗಸು, ಬೇರೆ ಧರ್ಮದವರು, ಬೇರೆ ಭಾಷೆಯವರು ಒಂದೇ ಊರಿನಲ್ಲಿ ಒಂದೇ ಬಗೆಯ ಸ್ವಾಗತ ಪಡೆಯುವುದಿಲ್ಲ. ಆದ್ದರಿಂದ ನಿಮ್ಮಂಥವರು ಅಲ್ಲಿ ಯಾರಾದರೂ ಇದ್ದರೆ ಅವರನ್ನೇ ಕೇಳಿ. ಅವರು ಉತ್ತರ ಕೊಡುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದರು ಎನ್ನುವುದನ್ನೂ ಗಮನಿಸಿ.

ಊರ ಸಭೆ ಎಲ್ಲರಿಗೂ ತೆರೆದಿದ್ದರೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ಚರ್ಚೆ ನಡೆಯುವುದು ನಲ್ಲಿ ನೀರು, ಕಿತ್ತುಹೋದ ರಸ್ತೆ, ಬೀದಿದೀಪದ ಮೇಲೆ. ನೋಡಬೇಕಾದದ್ದು ಬೇರೆ. ಮಾತಾಡುವವರು ಅದೇ ಇಬ್ಬರೋ, ಹೆಂಗಸರು ಬಾಯಿ ಬಿಡುತ್ತಾರೋ, ಒಳಗೆ ಕೂಗಾಡಿದವರು ಹೊರಗೆ ಬಂದು ಒಬ್ಬರನ್ನೊಬ್ಬರು ಮಾತಾಡಿಸುತ್ತಾರೋ? ಹೊಸದಾಗಿ ಬಂದವರಿಗೆ ಲೆಕ್ಕ ಬರೆಯುವಂಥ ಸಣ್ಣ ಕೆಲಸವಾದರೂ ವಹಿಸಿದ್ದಾರೆಂದರೆ ಅದು ಹಾರ ಹಾಕಿ ಕರೆದುಕೊಳ್ಳುವುದಕ್ಕಿಂತ ದೊಡ್ಡ ಸ್ವಾಗತ. ಶಾಲೆಯ ಒಂದನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದೂ ಕೇಳಿ. ಶಾಲೆ ಮುಚ್ಚಿತೆಂದರೆ ಚಿಕ್ಕ ಮಕ್ಕಳಿರುವ ಮನೆಗಳು ಹೊರಡುತ್ತವೆ, ಹಿಂದೆಯೇ ಅಂಗಡಿ ಮುಚ್ಚುತ್ತದೆ.

ಇಷ್ಟಾದ ಮೇಲೂ ಕೊಳ್ಳಬೇಡಿ. ಬಾಡಿಗೆಗಿರಿ, ಅದೂ ಅಲ್ಲಿನ ಅತಿ ಕೆಟ್ಟ ಋತುವಿನಲ್ಲಿ. ಕಡುಬೇಸಿಗೆಯೋ, ಜಡಿಮಳೆಯೋ, ಹಿಮವೋ, ಊರವರೇ ಬೇಸರಪಡುವ ಕಾಲ ಯಾವುದೋ ಅದು. ಅಮೆರಿಕದ ವರ್ಜೀನಿಯದಲ್ಲಿ 1967ರಿಂದ ಇರುವ ‘ಟ್ವಿನ್ ಓಕ್ಸ್’ ಎಂಬ ಸಹಜೀವನದ ಸಮುದಾಯ, ಸದಸ್ಯರಾಗಬಯಸುವವರು ಮೊದಲು 3 ವಾರ ಜೊತೆಗಿದ್ದು ಕೆಲಸ ಮಾಡಬೇಕು ಎನ್ನುತ್ತದೆ. ನಿಮ್ಮನ್ನು ಯಾರೂ ಹಾಗೆ ಕಟ್ಟುಪಾಡಿಗೆ ಒಳಪಡಿಸದಿದ್ದರೆ ನೀವೇ ಹಾಕಿಕೊಳ್ಳಿ.

ನೀರು, ಮಣ್ಣು

ಇಲ್ಲಿ ಅವಸರ ಬೇಡ. ಅಕ್ಕಪಕ್ಕದ ಬಾವಿ, ಬೋರ್‌ವೆಲ್ ಎಷ್ಟು ಆಳ, ಒಣಗಾಲದ ಕೊನೆಯಲ್ಲಿ ಎಷ್ಟು ನೀರು ಎಂದು ಮೂರು ಮನೆಯಲ್ಲಾದರೂ ಕೇಳಿ. ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ. ಇವು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತವೆ. ಮಳೆನೀರಿನ ಲೆಕ್ಕ ಸುಲಭ: ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಸೂರು, ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದರೆ 80,000 ಲೀಟರ್. ಸೋರಿ, ಚೆಲ್ಲಿ ಐದನೇ ಒಂದು ಪಾಲು ಕಳೆಯಿರಿ.

ಮಣ್ಣು ನೋಡಲು ಹಾರೆ, ಬಕೆಟ್, ಅಳತೆಪಟ್ಟಿ ಸಾಕು. ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಪೂರ್ತಿ ಇಂಗಿದ ಮೇಲೆ ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಒಂದರಿಂದ ಮೂರು ಇಂಚು ಇಳಿದರೆ ತೋಟಕ್ಕೆ ಒಳ್ಳೆಯದು. ಮಾರನೇ ದಿನವೂ ನೀರು ನಿಂತಿದ್ದರೆ ಗಿಡದ ಬೇರು ಕೊಳೆಯುವುದಷ್ಟೇ ಅಲ್ಲ, ಶೌಚಾಲಯದ ಇಂಗುಗುಂಡಿಯೂ ಕೈಕೊಡುತ್ತದೆ. ಒಂದೇ ಕಡೆ ತೋಡಿ ಮುಗಿಸಬೇಡಿ, ಏರಿನಲ್ಲೊಂದು, ತಗ್ಗಿನಲ್ಲೊಂದು.

‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಅದರರ್ಥ ಪ್ರತಿ ವರ್ಷ ಶೇ 1ರಷ್ಟು ಸಾಧ್ಯತೆ; 30 ವರ್ಷ ಅಲ್ಲಿದ್ದರೆ ಒಮ್ಮೆಯಾದರೂ ನೋಡುವ ಸಾಧ್ಯತೆ ಶೇ 26.

ದಾರಿ, ಗಡಿ, ಕಾಗದ

ಕಾಲುದಾರಿ ಇದೆ, ಗಾಡಿ ಹೋಗುತ್ತದೆ ಎನ್ನುವುದು ಹಕ್ಕಲ್ಲ. ದಾರಿಯ ಹಕ್ಕು ದಾಖಲೆಯಲ್ಲಿ ಬರೆದಿರಬೇಕು. ಸರ್ವೆ ಮಾಡಿಸಿ, ಗಡಿಯ ಮೇಲೆ ಅಕ್ಕಪಕ್ಕದವರನ್ನು ಜೊತೆಗೆ ಕರೆದುಕೊಂಡು ನಡೆಯಿರಿ. ಮಾರುವವರು ತೋರಿಸಿದ ಕಲ್ಲು ಒಂದು, ನೆರೆಯವರು ತೋರಿಸಿದ್ದು ಇನ್ನೊಂದು ಎಂದಾದರೆ ನಿಮಗೆ ಲಾಭವೇ ಆಯಿತು: ಜಗಳ ಕೊಳ್ಳುವ ಮೊದಲೇ ಗೊತ್ತಾಯಿತು. ಮಾಲೀಕತ್ವ, ಸಾಲದ ಹೊರೆ, ಭೂಬಳಕೆಯ ವರ್ಗ, ಮನೆ ಕಟ್ಟುವ ಅನುಮತಿ ಇವನ್ನು ಆ ಊರಿನ ಕಾನೂನು ತಿಳಿದ, ಮಾರುವವರಿಗೆ ಸಂಬಂಧವಿಲ್ಲದ ವಕೀಲರಿಂದ ನೋಡಿಸಿ.

ಹಣದ ವಿಷಯದಲ್ಲಿ ನನ್ನದೊಂದು ಒರಟು ಲೆಕ್ಕ: ಕೈಯಲ್ಲಿರುವುದರ ಅರ್ಧಕ್ಕಿಂತ ಹೆಚ್ಚನ್ನು ನೆಲಕ್ಕೆ ಸುರಿಯಬೇಡಿ. ಬಾವಿ, ಕರೆಂಟಿನ ಕಂಬ, ದಾರಿ, ಬೇಲಿ, ಇಂಗುಗುಂಡಿ ಎಲ್ಲವೂ ಸರದಿಯಲ್ಲಿ ಕೈಚಾಚುತ್ತವೆ. ಒಂದು ವರ್ಷದ ಮನೆಖರ್ಚು ಇದ್ಯಾವುದಕ್ಕೂ ಸೇರದಂತೆ ಬೇರೆ ಇರಲಿ. ಮುಂಗಡ ಕೊಡುವಾಗ ನೀರಿನ ಪರೀಕ್ಷೆ, ಸರ್ವೆ, ಕಟ್ಟಡದ ಅನುಮತಿ ಈ ಮೂರರಲ್ಲಿ ಒಂದು ಕೈಕೊಟ್ಟರೂ ಹಣ ವಾಪಸ್ ಎಂದು ಕರಾರಿನಲ್ಲಿ ಬರೆಸಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಪಟ್ಟಿಯಲ್ಲಿರುವ ಮುಂದಿನ ಜಮೀನು ನೋಡಲು ಹೋಗಿ.